ಒಂದು ವಿಶೇಷಣದ ಎರಡು ಓದು: ಐರೋಪ್ಯ ಬ್ಯಾಂಕಿಂಗ್ ಒಕ್ಕೂಟ ಮತ್ತು ಜರ್ಮನ್ ಸಂವಿಧಾನದ ಮಿತಿ

ಜರ್ಮನಿಯ ನೈಋತ್ಯ ಭಾಗದ ಕಾರ್ಲ್ಸ್‌ರೂಹೆ ನಗರದಲ್ಲಿ ಈ ಲೇಖನಕ್ಕೆ ಸಂಬಂಧಿಸಿದ ಎರಡು ಸಂಸ್ಥೆಗಳಿವೆ. ಒಂದು, ಜರ್ಮನ್ ಗಣರಾಜ್ಯದ ಸಂವಿಧಾನ ನ್ಯಾಯಾಲಯ. ಇನ್ನೊಂದು, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಅಭಿವೃದ್ಧಿ ಬ್ಯಾಂಕಾದ ಎಲ್-ಬ್ಯಾಂಕ್. ಮನೆ ಕಟ್ಟುವವರಿಗೆ, ಸಣ್ಣ ಉದ್ಯಮಗಳಿಗೆ, ಪುರಸಭೆಗಳಿಗೆ ನೆರವಾಗುವ ಈ ಬ್ಯಾಂಕಿನ ಒಡೆತನ ರಾಜ್ಯ ಸರ್ಕಾರದ್ದು. ಅದರ ಸಾಲಗಳಿಗೆ ಜಾಮೀನು ನಿಂತಿರುವುದೂ ರಾಜ್ಯವೇ. 2019ರ ಮೇ 8ರಂದು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯವು ಈ ಬ್ಯಾಂಕಿನ ಮೇಲ್ಮನವಿಯನ್ನು ವಜಾ ಮಾಡಿತು. ಅದೇ ವರ್ಷದ ಜುಲೈ 30ರಂದು ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯವು ಬೇರೊಂದು ಮೊಕದ್ದಮೆಯಲ್ಲಿ, ಆದರೆ ಅದೇ ಕಾನೂನಿನ ಬಗ್ಗೆ, ತನ್ನ ತೀರ್ಪನ್ನು ಓದಿತು. ಎರಡೂ ಕಡೆ ಬ್ಯಾಂಕಿಂಗ್ ಒಕ್ಕೂಟವೇ ಗೆದ್ದಿತು. ಆದರೆ ಗೆದ್ದದ್ದು ಒಂದೇ ಕಾನೂನೇ ಎಂಬ ಪ್ರಶ್ನೆ ಉಳಿಯಿತು. ಮೂರು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಎರಡು ನ್ಯಾಯಾಲಯಗಳು ಒಂದೇ ಪಠ್ಯವನ್ನು ಓದಿ, ಅದನ್ನು ಊರ್ಜಿತಗೊಳಿಸಿ, ಅದರ ಅರ್ಥವನ್ನು ಮಾತ್ರ ಪರಸ್ಪರ ವಿರುದ್ಧ ದಿಕ್ಕುಗಳಿಗೆ ಕೊಂಡೊಯ್ದವು. ಪ್ರಸ್ತುತ ಲೇಖನದ ಆಸಕ್ತಿ ಈ ಭಿನ್ನತೆಯಲ್ಲಿದೆ.

ಬ್ಯಾಂಕಿಂಗ್ ಒಕ್ಕೂಟ ಹುಟ್ಟಿದ್ದು ಆತಂಕದಲ್ಲಿ. 2008ರ ಸೆಪ್ಟೆಂಬರ್ ಕೊನೆಯಲ್ಲಿ ಐರ್ಲೆಂಡ್ ಸರ್ಕಾರವು ತನ್ನ ಪ್ರಮುಖ ಬ್ಯಾಂಕುಗಳ ಬಾಧ್ಯತೆಗಳಿಗೆಲ್ಲ ಖಾತರಿ ನೀಡಿತು. ಎರಡು ವರ್ಷಗಳ ಬಳಿಕ ಆ ಸರ್ಕಾರವೇ 85 ಶತಕೋಟಿ ಯೂರೋಗಳ ನೆರವಿನ ಯೋಜನೆಗೆ ಒಪ್ಪಬೇಕಾಯಿತು. 2012ರ ಮೇ ತಿಂಗಳಲ್ಲಿ ಸ್ಪೇನ್ ಬಾಂಕಿಯಾ ಬ್ಯಾಂಕನ್ನು ರಾಷ್ಟ್ರೀಕರಿಸಿತು, ಮರುತಿಂಗಳು ಬ್ಯಾಂಕುಗಳ ಪುನಶ್ಚೇತನಕ್ಕಾಗಿ 100 ಶತಕೋಟಿ ಯೂರೋಗಳವರೆಗಿನ ನೆರವನ್ನು ಕೋರಿತು. ಬ್ಯಾಂಕು ಮುಳುಗಿದರೆ ಸರ್ಕಾರವೂ ಮುಳುಗುತ್ತದೆ. ಸರ್ಕಾರದ ಸಾಲಪತ್ರಗಳು ಬೆಲೆ ಕಳೆದುಕೊಂಡರೆ ಅವನ್ನು ಹೊತ್ತಿರುವ ಬ್ಯಾಂಕು ಮತ್ತಷ್ಟು ಮುಳುಗುತ್ತದೆ. ಈ ವಿಷವರ್ತುಲವನ್ನು ಕಡಿಯಬೇಕೆಂದು ಯೂರೋ ವಲಯದ ನಾಯಕರು 2012ರ ಜೂನ್ 29ರ ಬೆಳಗಿನ ಜಾವ ಘೋಷಿಸಿದರು. ಅದರಿಂದ ಮೂರು ಕಂಬಗಳ ಯೋಜನೆಯೊಂದು ರೂಪುಗೊಂಡಿತು: ಬ್ಯಾಂಕುಗಳ ಮೇಲ್ವಿಚಾರಣೆ ಐರೋಪ್ಯ ಕೇಂದ್ರ ಬ್ಯಾಂಕಿಗೆ, ಮುಳುಗುವ ಬ್ಯಾಂಕನ್ನು ಕ್ರಮಬದ್ಧವಾಗಿ ಇತ್ಯರ್ಥಗೊಳಿಸುವ ಹೊಣೆ ಬ್ರಸೆಲ್ಸಿನ ಹೊಸ ಮಂಡಳಿಯೊಂದಕ್ಕೆ, ಠೇವಣಿ ವಿಮೆ ಎಲ್ಲರಿಗೂ ಸಮಾನ. ಮೂರನೆಯ ಕಂಬಕ್ಕೆ ಆಯೋಗವು 2015ರ ನವೆಂಬರಿನಲ್ಲಿ ಕರಡು ಮಂಡಿಸಿತಾದರೂ ಅದು ಕಾನೂನಾಗಿ ಮೇಲೇಳಲಿಲ್ಲ. ಜರ್ಮನ್ ಉಳಿತಾಯ ಬ್ಯಾಂಕುಗಳ ಠೇವಣಿದಾರರು ಇನ್ನೊಂದು ದೇಶದ ಬ್ಯಾಂಕುಗಳ ನಷ್ಟಕ್ಕೆ ಹೆಗಲು ಕೊಡಬೇಕೆ ಎಂಬ ಪ್ರಶ್ನೆ ಅಲ್ಲಿನ ರಾಜಕಾರಣದಲ್ಲಿ ಎಷ್ಟು ತೂಕದ್ದೆಂಬುದಕ್ಕೆ ಇದೊಂದು ಸಾಕ್ಷಿ.

ಮೊದಲ ಕಂಬಕ್ಕೆ ಅಡಿಪಾಯವೆಲ್ಲಿ? ಒಡಂಬಡಿಕೆಗಳನ್ನು ತಿದ್ದಲು ಸಮಯವಿರಲಿಲ್ಲ. ತಿದ್ದಿದರೆ ಐರ್ಲೆಂಡಿನಂತಹ ದೇಶಗಳಲ್ಲಿ ಜನಮತಗಣನೆಯ ಅಪಾಯವಿತ್ತು. ಆದ್ದರಿಂದ ಕಾನೂನುತಜ್ಞರು ಹಳೆಯ ಪಠ್ಯವನ್ನೇ ಹುಡುಕಿ ತೆಗೆದರು. ಒಕ್ಕೂಟದ ಕಾರ್ಯನಿರ್ವಹಣೆಯ ಒಡಂಬಡಿಕೆಯ 127ನೆಯ ವಿಧಿಯ 6ನೆಯ ಉಪವಿಧಿ ಮಾಸ್ಟ್ರಿಕ್ಟ್ ಕಾಲದಿಂದ, ಆಗ 105ನೆಯ ವಿಧಿಯೊಳಗೆ, ನಿದ್ರಿಸುತ್ತಿತ್ತು. ಸಚಿವರ ಮಂಡಳಿಯು ಸರ್ವಾನುಮತದಿಂದ, ಬ್ಯಾಂಕುಗಳ ಮೇಲ್ವಿಚಾರಣೆಗೆ ಸಂಬಂಧಿಸಿದ ಕೆಲವು ಕಾರ್ಯಗಳನ್ನು ಕೇಂದ್ರ ಬ್ಯಾಂಕಿಗೆ ವಹಿಸಬಹುದು ಎಂಬುದು ಅದರ ಸಾರಾಂಶ. ಮಾಸ್ಟ್ರಿಕ್ಟ್ ಮಾತುಕತೆಯ ಕಾಲದಲ್ಲಿ ಕೇಂದ್ರ ಬ್ಯಾಂಕಿಗೆ ಮೇಲ್ವಿಚಾರಣೆಯ ಹೊರೆ ಹೊರಿಸಲು ಜರ್ಮನಿಗೆ ಮನಸ್ಸಿರಲಿಲ್ಲ; ನೋಟು ಅಚ್ಚುಮಾಡುವವರೇ ಬ್ಯಾಂಕುಗಳ ಕಾವಲುಗಾರರೂ ಆದರೆ ಬೆಲೆ ಸ್ಥಿರತೆಗೆ ಭಂಗ ಬರುತ್ತದೆಂಬ ಅಂಜಿಕೆಯಿತ್ತು. ಆ ಹಿಂಜರಿಕೆಯ ಫಲವೇ ಈ ಬಿಗಿಯಾದ ಉಪವಿಧಿ. 2013ರ ಅಕ್ಟೋಬರ್ 15ರಂದು ಅಂಗೀಕಾರವಾದ 1024/2013 ಸಂಖ್ಯೆಯ ನಿಯಮಾವಳಿ ಏಕೀಕೃತ ಮೇಲ್ವಿಚಾರಣಾ ವ್ಯವಸ್ಥೆಯನ್ನು ಕಟ್ಟಿದ್ದು ಈ ಒಂದೇ ವಾಕ್ಯದ ಮೇಲೆ.

ಆ ‘ಕೆಲವು ಕಾರ್ಯಗಳು’ ಎಂಬಲ್ಲಿ ನಾನು ಬೇಕೆಂದೇ ವಿಶೇಷಣವನ್ನು ಮಸುಕಾಗಿಸಿದ್ದೇನೆ. ಇಂಗ್ಲಿಷ್ ಪಾಠದಲ್ಲಿ ಅದು ‘ಸ್ಪೆಸಿಫಿಕ್’, ಫ್ರೆಂಚಿನಲ್ಲಿ ‘ಸ್ಪೆಸಿಫೀಕ್’, ಇಟಾಲಿಯನ್ನಿನಲ್ಲಿ ‘ಸ್ಪೆಚಿಫಿಚಿ’: ನಿರ್ದಿಷ್ಟ ಕಾರ್ಯಗಳು. ಜರ್ಮನ್ ಪಾಠದಲ್ಲಿರುವುದು ‘ಬೆಜೊಂಡೆರೆ’. ಕನ್ನಡದಲ್ಲಿ ಇದನ್ನು ವಿಶೇಷ, ಪ್ರತ್ಯೇಕ, ವಿಶಿಷ್ಟ ಎಂದು ಸಂದರ್ಭಕ್ಕೆ ತಕ್ಕಂತೆ ಹೇಳಬೇಕಾಗುತ್ತದೆ. ಸ್ವಾರಸ್ಯವೆಂದರೆ ಅದೇ ವಾಕ್ಯದಲ್ಲಿ ‘ವಿಶೇಷ ಶಾಸನಪ್ರಕ್ರಿಯೆ’ ಎಂಬ ಪದಪುಂಜವೂ ಇದೆ. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಪಾಠಗಳು ಪ್ರಕ್ರಿಯೆಗೆ ‘ವಿಶೇಷ’, ಕಾರ್ಯಗಳಿಗೆ ‘ನಿರ್ದಿಷ್ಟ’ ಎಂದು ಎರಡು ಬೇರೆ ಪದಗಳನ್ನಿಟ್ಟರೆ ಜರ್ಮನ್ ಪಾಠ ಎರಡಕ್ಕೂ ಒಂದೇ ಪದವನ್ನು ಬಳಸುತ್ತದೆ. ‘ನಿರ್ದಿಷ್ಟ’ ಎಂದರೆ ಹೆಸರಿಸಿ ಗೆರೆ ಎಳೆದದ್ದು. ಗೆರೆಯೊಳಗೆ ಎಷ್ಟು ಬೇಕಾದರೂ ತುಂಬಬಹುದು. ‘ಬೆಜೊಂಡೆರೆ’ ಎಂದರೆ ಸಾಮಾನ್ಯಕ್ಕೆ ಹೊರತಾದದ್ದು. ಸಾಮಾನ್ಯವಾದದ್ದು ಬೇರೆಲ್ಲೋ ಉಳಿದಿರಲೇಬೇಕೆಂಬ ಧ್ವನಿ ಅದರಲ್ಲಿದೆ. ಇನ್ನೊಂದು ವ್ಯತ್ಯಾಸವೂ ಉಂಟು: ಇಂಗ್ಲಿಷ್, ಫ್ರೆಂಚ್ ಪಾಠಗಳು ಮೇಲ್ವಿಚಾರಣೆಗೆ ಸಂಬಂಧಿಸಿದ ‘ನೀತಿಗಳ’ ಕುರಿತ ಕಾರ್ಯಗಳು ಎನ್ನುತ್ತವೆ, ಜರ್ಮನ್ ಪಾಠದಲ್ಲಿ ‘ನೀತಿ’ ಎಂಬ ಪದವೇ ಇಲ್ಲ, ನೇರ ಮೇಲ್ವಿಚಾರಣೆಯೇ ಇದೆ. ಹೀಗೆ ಒಂದೇ ವಾಕ್ಯದ ಜರ್ಮನ್ ರೂಪ ಒಂದೆಡೆ ಇಕ್ಕಟ್ಟಾಗಿದೆ, ಇನ್ನೊಂದೆಡೆ ವಿಶಾಲವಾಗಿದೆ.

ಭಾಷಾಪಾಠಗಳ ಭೇದ ಐರೋಪ್ಯ ಕಾನೂನಿನಲ್ಲಿ ಬರಿಯ ಕುತೂಹಲದ ವಿಷಯವಲ್ಲ. 1969ರಲ್ಲಿ ಉಲ್ಮ್ ನಗರದ ಬಡ ಪಿಂಚಣಿದಾರರೊಬ್ಬರು ಅಗ್ಗದ ಬೆಣ್ಣೆಯ ಚೀಟಿಯ ಮೇಲೆ ತಮ್ಮ ಹೆಸರು ಬರೆದಿರುವುದು ಅವಮಾನವೆಂದು ಮೊಕದ್ದಮೆ ಹೂಡಿದ್ದರು. ಜರ್ಮನ್ ಮತ್ತು ಡಚ್ ಪಾಠಗಳು ಹೆಸರನ್ನು ಕೇಳಿದ್ದವು, ಉಳಿದ ಪಾಠಗಳು ವ್ಯಕ್ತಿಯನ್ನು ಗುರುತಿಸುವ ಯಾವುದೇ ಚೀಟಿ ಸಾಕೆಂದಿದ್ದವು. ಫಲಾನುಭವಿಗೆ ಹೆಚ್ಚು ಅನುಕೂಲವಾದ ಪಾಠವನ್ನು ಲಕ್ಸೆಂಬರ್ಗ್ ಎತ್ತಿಹಿಡಿಯಿತು, ಜೊತೆಗೆ ಮೂಲಭೂತ ಹಕ್ಕುಗಳು ತನ್ನ ಕಾನೂನಿನ ಭಾಗವೆಂದೂ ಮೊದಲ ಬಾರಿಗೆ ಹೇಳಿತು. ಎಲ್ಲ ಅಧಿಕೃತ ಭಾಷೆಗಳ ಪಾಠಗಳೂ ಸಮಾನ ಪ್ರಮಾಣವುಳ್ಳವು, ಅರ್ಥೈಸುವಾಗ ಅವನ್ನು ಹೋಲಿಸಿ ನೋಡಬೇಕು ಎಂಬುದು 1982ರ ಸಿಲ್ಫಿಟ್ ತೀರ್ಪಿನ ನಂತರ ಸ್ಥಾಪಿತ ತತ್ತ್ವ. ಸಮಾನ ಪ್ರಮಾಣವೆಂದ ಮೇಲೆ ಯಾವ ಪಾಠವೂ ಅನುವಾದವಲ್ಲ, ಯಾವುದೂ ಮೂಲವಲ್ಲ. ಆದರೆ ಒಂದೊಂದು ದೇಶದ ನ್ಯಾಯಾಲಯ ತನ್ನ ಭಾಷೆಯ ಪಾಠದಲ್ಲಿ ಯೋಚಿಸುವುದನ್ನು ಯಾವ ತತ್ತ್ವವೂ ತಪ್ಪಿಸಲಾರದು.

ನಿಯಮಾವಳಿಯ ಒಳರಚನೆಯಲ್ಲಿಯೂ ಇದೇ ದ್ವಂದ್ವವಿದೆ. ಅದರ 4ನೆಯ ವಿಧಿ ಒಂಬತ್ತು ಕಾರ್ಯಗಳನ್ನು ಕೇಂದ್ರ ಬ್ಯಾಂಕಿಗೆ ವಹಿಸುತ್ತದೆ. 6ನೆಯ ವಿಧಿಯು ಬ್ಯಾಂಕುಗಳನ್ನು ‘ಮಹತ್ವದ’ ಮತ್ತು ‘ಕಡಿಮೆ ಮಹತ್ವದ’ ಎಂದು ವಿಂಗಡಿಸುತ್ತದೆ: ಆಸ್ತಿ 30 ಶತಕೋಟಿ ಯೂರೋ ಮೀರಿದರೆ, ಅಥವಾ ದೇಶದ ಆರ್ಥಿಕತೆಯಲ್ಲಿ ದೊಡ್ಡ ಪಾಲಿದ್ದರೆ, ಬ್ಯಾಂಕು ಫ್ರಾಂಕ್‌ಫರ್ಟಿನ ನೇರ ಕಣ್ಗಾವಲಿಗೆ ಬರುತ್ತದೆ, ಉಳಿದವು ರಾಷ್ಟ್ರೀಯ ಪ್ರಾಧಿಕಾರದ ಬಳಿಯೇ ಇರುತ್ತವೆ. 2014ರ ನವೆಂಬರ್ 4ರಂದು ವ್ಯವಸ್ಥೆ ಜಾರಿಗೆ ಬಂದಾಗ ನೇರ ಮೇಲ್ವಿಚಾರಣೆಗೆ ಒಳಪಟ್ಟದ್ದು ಸುಮಾರು 120 ಬ್ಯಾಂಕ್ ಸಮೂಹಗಳು. ಸಂಖ್ಯೆಯಲ್ಲಿ ಅಲ್ಪ, ಆಸ್ತಿಯಲ್ಲಿ ಬಹುಪಾಲು. ಎಲ್-ಬ್ಯಾಂಕ್ ಆಸ್ತಿಯ ಮಿತಿಯನ್ನು ಮೀರಿತ್ತು. ಆದರೆ ತನಗೆ ಅಪಾಯವೇ ಇಲ್ಲ, ರಾಜ್ಯದ ಖಾತರಿಯಿದೆ, ಆದ್ದರಿಂದ ಜರ್ಮನ್ ಪ್ರಾಧಿಕಾರದ ಮೇಲ್ವಿಚಾರಣೆಯೇ ಸಾಕು. ನಿಯಮದಲ್ಲಿರುವ ‘ವಿಶೇಷ ಸಂದರ್ಭ’ದ ವಿನಾಯಿತಿ ತನಗೆ ಸಲ್ಲಬೇಕು ಎಂದು ಅದು ವಾದಿಸಿತು.

ಮೇಲ್ನೋಟಕ್ಕೆ ಇದು ಒಂದು ಬ್ಯಾಂಕಿನ ಅನುಕೂಲದ ಪ್ರಶ್ನೆ. ಆದರೆ ಉತ್ತರಿಸಲು ಹೊರಟ ಸಾಮಾನ್ಯ ನ್ಯಾಯಾಲಯ 2017ರ ಮೇ 16ರಂದು ಬುಡಕ್ಕೇ ಕೈ ಹಾಕಿತು. 4ನೆಯ ವಿಧಿಯ ಕಾರ್ಯಗಳ ಮಟ್ಟಿಗೆ ಕೇಂದ್ರ ಬ್ಯಾಂಕಿಗೆ ಸಿಕ್ಕಿರುವುದು ಅನನ್ಯ ಅಧಿಕಾರ. ಸಣ್ಣ ಬ್ಯಾಂಕುಗಳ ವಿಷಯದಲ್ಲಿ ರಾಷ್ಟ್ರೀಯ ಪ್ರಾಧಿಕಾರಗಳು ಮಾಡುತ್ತಿರುವುದು ಅದೇ ಅಧಿಕಾರದ ವಿಕೇಂದ್ರಿತ ಅನುಷ್ಠಾನ ಮಾತ್ರ ಎಂದಿತು. 2019ರ ಮೇ 8ರಂದು ಮೇಲಿನ ನ್ಯಾಯಾಲಯ ಇದನ್ನೇ ಸ್ಥಿರಪಡಿಸಿತು. ಈ ಓದಿನ ಪ್ರಕಾರ ಬವೇರಿಯಾದ ಹಳ್ಳಿಯೊಂದರ ಸಹಕಾರಿ ಬ್ಯಾಂಕಿನ ಲೆಕ್ಕ ನೋಡುವ ಬಾನ್ ನಗರದ ಅಧಿಕಾರಿ ಜರ್ಮನ್ ಗಣರಾಜ್ಯದ ಅಧಿಕಾರವನ್ನಲ್ಲ, ಒಕ್ಕೂಟದ ಅಧಿಕಾರವನ್ನು ಚಲಾಯಿಸುತ್ತಿದ್ದಾನೆ. (ಎಲ್-ಬ್ಯಾಂಕಿನ ಕಥೆಗೆ ವಿನೋದದ ಕೊನೆಯೊಂದಿದೆ. ಮೇ ತಿಂಗಳಲ್ಲಿ ನ್ಯಾಯಾಲಯದಲ್ಲಿ ಸೋತ ಅದು ಜೂನ್ ತಿಂಗಳಲ್ಲಿ ಶಾಸನದ ಮೂಲಕ ಗೆದ್ದಿತು: ತಿದ್ದುಪಡಿಯಾದ ಬಂಡವಾಳ ನಿರ್ದೇಶನವು ಜರ್ಮನಿಯ ಅಭಿವೃದ್ಧಿ ಬ್ಯಾಂಕುಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಯುರೋಪಿನಲ್ಲಿ ಪ್ರತಿನಿಧಿ ಸಭೆಗಳ ಬಾಗಿಲು ಕೆಲವೊಮ್ಮೆ ನ್ಯಾಯಾಲಯದ ಬಾಗಿಲಿಗಿಂತ ಬೇಗ ತೆರೆಯುತ್ತದೆ.)

ಸಂವಿಧಾನ ನ್ಯಾಯಾಲಯದ ಮುಂದಿದ್ದ ದೂರು ಇದಕ್ಕಿಂತ ಹಳೆಯದು, ವಾದಿಗಳೂ ಬೇರೆ. ಬರ್ಲಿನ್ನಿನ ಪ್ರಾಧ್ಯಾಪಕರೊಬ್ಬರ ಮುಂದಾಳತ್ವದ ಗುಂಪೊಂದು 2014ರಲ್ಲಿ ಮೊಕದ್ದಮೆ ಹೂಡಿ, ಬ್ಯಾಂಕಿಂಗ್ ಒಕ್ಕೂಟದ ಎರಡೂ ಕಂಬಗಳು ಒಡಂಬಡಿಕೆ ಕೊಟ್ಟ ಅಧಿಕಾರದ ಎಲ್ಲೆ ಮೀರಿವೆ, ಅವಕ್ಕೆ ಒಪ್ಪಿಗೆ ಕೊಟ್ಟ ಬುಂಡೆಸ್ಟಾಗ್ ತಮ್ಮ ಮತದಾನದ ಹಕ್ಕನ್ನೇ ಟೊಳ್ಳುಮಾಡಿದೆ ಎಂದಿತು. ಮತದಾನದ ಹಕ್ಕಿಗೂ ಬ್ಯಾಂಕ್ ಮೇಲ್ವಿಚಾರಣೆಗೂ ಎತ್ತಣ ಸಂಬಂಧ? ಈ ಸಂಬಂಧವನ್ನು ಕಟ್ಟಿದ್ದು ನಾಲ್ಕು ದಶಕಗಳ ನ್ಯಾಯಾಂಗ ಚರಿತ್ರೆ.

1964ರ ಜುಲೈ 15ರಂದು, 1,925 ಲೀರಾಗಳ ವಿದ್ಯುತ್ ಬಿಲ್ಲನ್ನು ಕಟ್ಟಲು ನಿರಾಕರಿಸಿದ ಮಿಲಾನಿನ ವಕೀಲರೊಬ್ಬರ ಪ್ರಕರಣದಲ್ಲಿ, ಲಕ್ಸೆಂಬರ್ಗ್ ತನ್ನ ಕಾನೂನು ಸದಸ್ಯ ದೇಶಗಳ ಎಲ್ಲ ಕಾನೂನುಗಳಿಗಿಂತ ಮೇಲೆಂದು ಸಾರಿತು. ಸಂವಿಧಾನಕ್ಕಿಂತಲೂ ಮೇಲೆ ಎಂಬುದನ್ನು 1970ರಲ್ಲಿ ಸ್ಪಷ್ಟಗೊಳಿಸಿತು; ಆ ಪ್ರಕರಣದಲ್ಲಿ ಫ್ರಾಂಕ್‌ಫರ್ಟಿನ ವ್ಯಾಪಾರ ಸಂಸ್ಥೆಯೊಂದು 20,000 ಟನ್ ಮೆಕ್ಕೆಜೋಳದ ಹಿಟ್ಟನ್ನು ರಫ್ತು ಮಾಡುವ ಪರವಾನಗಿ ಪಡೆದು, ಪೂರ್ತಿ ರಫ್ತು ಮಾಡಲಾಗದೆ ಸುಮಾರು 17 ಸಾವಿರ ಮಾರ್ಕುಗಳ ಠೇವಣಿ ಕಳೆದುಕೊಂಡಿತ್ತು. ಅದೇ ಪ್ರಕರಣ ಕಾರ್ಲ್ಸ್‌ರೂಹೆಗೆ ಬಂದಾಗ 1974ರ ಮೇ 29ರಂದು ಉತ್ತರ ಬಂತು: ಎಲ್ಲಿಯವರೆಗೆ ಐರೋಪ್ಯ ಸಮುದಾಯದಲ್ಲಿ ನಮ್ಮದಕ್ಕೆ ಸಮನಾದ ಹಕ್ಕುಗಳ ಪಟ್ಟಿಯಿಲ್ಲವೋ ಅಲ್ಲಿಯವರೆಗೆ ನಾವೇ ಪರಿಶೀಲಿಸುತ್ತೇವೆ. ಜರ್ಮನ್ನಿನ ‘ಜೋಲಾಂಗೆ’, ಅಂದರೆ ‘ಎಲ್ಲಿಯವರೆಗೆ’ ಎಂಬ ಆ ಪದವೇ ತೀರ್ಪಿನ ಹೆಸರಾಯಿತು. 1986ರಲ್ಲಿ ಅದೇ ಪದವನ್ನು ತಿರುಗಿಸಿ, ಎಲ್ಲಿಯವರೆಗೆ ಲಕ್ಸೆಂಬರ್ಗ್ ಹಕ್ಕುಗಳನ್ನು ಕಾಯುತ್ತದೋ ಅಲ್ಲಿಯವರೆಗೆ ನಾವು ಪರಿಶೀಲಿಸುವುದಿಲ್ಲ ಎಂದಿತು. ಕೈಬಿಟ್ಟಂತೆ ಕಂಡರೂ ಹಗ್ಗದ ತುದಿ ಕೈಯಲ್ಲೇ ಇತ್ತು.

ಆಮೇಲಿನ ಹೆಜ್ಜೆ ಮುಖ್ಯವಾದದ್ದು. 1993ರ ಅಕ್ಟೋಬರ್ 12ರ ಮಾಸ್ಟ್ರಿಕ್ಟ್ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದು ಇದು: ನಾಗರಿಕ ಮತ ಹಾಕುವುದು ಏನನ್ನಾದರೂ ನಿರ್ಧರಿಸಬಲ್ಲ ಸಂಸತ್ತಿಗೆ. ಸಂಸತ್ತಿನ ಅಧಿಕಾರವೆಲ್ಲ ಬೇರೆಡೆಗೆ ಹರಿದುಹೋದರೆ ಮತಪತ್ರ ಉಳಿದರೂ ಮತ ಉಳಿಯದು. ಆದ್ದರಿಂದ ಯಾವ ಮತದಾರನೂ ದೂರು ಕೊಡಬಹುದು. 2009ರ ಜೂನ್ 30ರ ಲಿಸ್ಬನ್ ತೀರ್ಪು ಇದಕ್ಕೆ ‘ಸಾಂವಿಧಾನಿಕ ಅಸ್ಮಿತೆ’ ಎಂಬ ಹೆಸರು ಕೊಟ್ಟಿತು. ಆ ಅಸ್ಮಿತೆಯ ನೆಲೆಯಾಗಿ ಜರ್ಮನ್ ಮೂಲ ಕಾನೂನಿನ 79ನೆಯ ವಿಧಿಯ 3ನೆಯ ಉಪವಿಧಿಯನ್ನು ತೋರಿಸಿತು: ಮಾನವ ಘನತೆ, ಪ್ರಜಾತಂತ್ರ, ಒಕ್ಕೂಟ ವ್ಯವಸ್ಥೆ ಮೊದಲಾದ ಮೂಲತತ್ತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟಬಾರದೆಂಬ, ‘ಶಾಶ್ವತ ವಿಧಿ’ ಎಂದೇ ಪ್ರಸಿದ್ಧವಾದ 1949ರ ನಿಬಂಧನೆ.

ಈ ಪತ್ರಿಕೆಯ ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಕೋರಿಕೆ, ಏಕೆಂದರೆ ಆ ಉಪವಿಧಿಯ ನೆರಳು ಕಾಸರಗೋಡಿನವರೆಗೆ ಚಾಚಿದೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯ ನ್ಯಾಯಶಾಸ್ತ್ರಜ್ಞ ಡೀಟರ್ ಕೊನ್ರಾಡ್ 1965ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ತಿದ್ದುಪಡಿ ಅಧಿಕಾರದ ಅಂತರ್ಗತ ಮಿತಿಗಳ ಕುರಿತು ಉಪನ್ಯಾಸವಿತ್ತರು. ವೈಮರ್ ಸಂವಿಧಾನ ತನ್ನದೇ ದಾರಿಗಳ ಮೂಲಕ ಕುಸಿದುದರ ನೆನಪು ಅದರ ಹಿಂದಿತ್ತು. ಮಂಗಳೂರಿನಲ್ಲಿ ವಕೀಲಿ ನಡೆಸಿ ಮುಂದೆ ಮದರಾಸಿಗೂ ದೆಹಲಿಗೂ ಹೋದ ಎಂ. ಕೆ. ನಂಬ್ಯಾರರು ಆ ವಾದವನ್ನು 1967ರ ಗೋಲಕನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟರು. ಆರು ವರ್ಷಗಳ ಬಳಿಕ, ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿ ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನ ಪ್ರಕರಣದಲ್ಲಿ, 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಅಳಿಸಲಾಗದೆಂದಿತು. ನ್ಯಾಯಮೂರ್ತಿ ಖನ್ನಾ ಅವರು ತಮ್ಮ ತೀರ್ಪಿನಲ್ಲಿ ಕೊನ್ರಾಡರನ್ನು ಉಲ್ಲೇಖಿಸಿದರು. ಜರ್ಮನಿಯಲ್ಲಿ ‘ಎಲ್ಲಿಯವರೆಗೆ’ ತೀರ್ಪು ಬಂದದ್ದು ಅದಾದ 13 ತಿಂಗಳಿಗೆ. ಸಾಮ್ಯವನ್ನು ಹೆಚ್ಚು ಎಳೆಯುವುದು ತರವಲ್ಲ. ನಮ್ಮಲ್ಲಿ ಮಿತಿ ಒಳಮುಖವಾದದ್ದು, ಸ್ವಂತ ಸಂಸತ್ತಿಗೆ ಹಾಕಿದ್ದು, ಹಾಕಿದ್ದೂ ನ್ಯಾಯಾಲಯವೇ. ಜರ್ಮನಿಯಲ್ಲಿ ಲಿಖಿತವಾಗಿಯೇ ಇದ್ದ ಒಳಮುಖದ ಮಿತಿಯನ್ನು ನ್ಯಾಯಾಲಯ ಹೊರಮುಖಕ್ಕೆ ತಿರುಗಿಸಿ, ಬ್ರಸೆಲ್ಸಿಗೂ ಫ್ರಾಂಕ್‌ಫರ್ಟಿನ ಕೇಂದ್ರ ಬ್ಯಾಂಕಿಗೂ ಅನ್ವಯಿಸಿತು.

ಬಿಕ್ಕಟ್ಟಿನ ವರ್ಷಗಳಲ್ಲಿ ಈ ಅಸ್ತ್ರ ಮತ್ತೆ ಮತ್ತೆ ಒರೆಯಿಂದ ಹೊರಬಂತು, ಪ್ರತಿಸಲವೂ ಬೀಸದೆ ಒಳಹೋಯಿತು. 2012ರ ಸೆಪ್ಟೆಂಬರ್ 12ರಂದು ಐರೋಪ್ಯ ಸ್ಥಿರತಾ ನಿಧಿಯನ್ನು ಒಪ್ಪುತ್ತಲೇ, ಜರ್ಮನಿಯ ಹೊಣೆ ಸುಮಾರು 190 ಶತಕೋಟಿ ಯೂರೋಗಳನ್ನು ಮೀರಬಾರದೆಂಬ ಷರತ್ತು ವಿಧಿಸಿತು. 2014ರಲ್ಲಿ ಕೇಂದ್ರ ಬ್ಯಾಂಕಿನ ಸಾಲಪತ್ರ ಖರೀದಿ ಯೋಜನೆಯ ಬಗ್ಗೆ ಲಕ್ಸೆಂಬರ್ಗಿಗೆ ತನ್ನ ಮೊದಲ ಪ್ರಶ್ನಾವಳಿ ಕಳಿಸಿ, 2016ರಲ್ಲಿ ಉತ್ತರವನ್ನು ಗೊಣಗುತ್ತ ಸ್ವೀಕರಿಸಿತು. ಅಧಿಕಾರಾತಿಕ್ರಮವು ಸ್ವಯಂಸ್ಪಷ್ಟವಾಗಿರಬೇಕು, ಅಧಿಕಾರ ಹಂಚಿಕೆಯ ರಚನೆಯನ್ನೇ ಕದಲಿಸುವಂತಿರಬೇಕು ಎಂಬ ಕಠಿಣ ಮಾನದಂಡವನ್ನು ಅದು 2010ರಲ್ಲೇ ತನಗೆ ತಾನೇ ಹಾಕಿಕೊಂಡಿತ್ತು.

ಈ ಹಿನ್ನೆಲೆಯಲ್ಲಿ 2019ರ ಜುಲೈ 30ರ ತೀರ್ಪನ್ನು ಓದಬೇಕು. ಎರಡನೆಯ ಪೀಠ ದೂರುಗಳನ್ನು ಪುರಸ್ಕರಿಸಲಿಲ್ಲ. ಬ್ಯಾಂಕಿಂಗ್ ಒಕ್ಕೂಟದ ನಿಯಮಾವಳಿಗಳು, ಕಟ್ಟುನಿಟ್ಟಾಗಿ ಅರ್ಥೈಸಿದರೆ, ಅಧಿಕಾರದ ಎಲ್ಲೆಯನ್ನು ಸ್ಪಷ್ಟವಾಗಿ ಮೀರಿಲ್ಲ ಎಂದಿತು. ಇಡೀ ತೀರ್ಪಿನ ಭಾರ ಹೊತ್ತಿರುವುದು ಆ ‘ಕಟ್ಟುನಿಟ್ಟಾಗಿ ಅರ್ಥೈಸಿದರೆ’ ಎಂಬ ಷರತ್ತು. 127ನೆಯ ವಿಧಿಯ 6ನೆಯ ಉಪವಿಧಿ ಮೇಲ್ವಿಚಾರಣೆಯನ್ನು ಸಂಪೂರ್ಣವಾಗಿ ವರ್ಗಾಯಿಸಲು ಅವಕಾಶ ಕೊಡುವುದಿಲ್ಲ. ನಿಯಮಾವಳಿ ಹಾಗೆ ವರ್ಗಾಯಿಸಿಯೂ ಇಲ್ಲ. ಸಣ್ಣ ಬ್ಯಾಂಕುಗಳ ವಿಷಯದಲ್ಲಿ ರಾಷ್ಟ್ರೀಯ ಪ್ರಾಧಿಕಾರಗಳು ಚಲಾಯಿಸುವುದು ತಮ್ಮ ಮೂಲ ಅಧಿಕಾರವನ್ನೇ ಹೊರತು ಮೇಲಿನಿಂದ ಹಿಂತಿರುಗಿ ಬಂದ ಅಧಿಕಾರವನ್ನಲ್ಲ ಎಂಬುದು ನ್ಯಾಯಾಲಯದ ನಿಲುವು. ಅಂದರೆ ‘ಬೆಜೊಂಡೆರೆ’ ಎಂಬುದರ ಧ್ವನಿಯಂತೆಯೇ, ಸಾಮಾನ್ಯವಾದದ್ದು ಮನೆಯಲ್ಲೇ ಉಳಿದಿದೆ. ಎಲ್-ಬ್ಯಾಂಕ್ ತೀರ್ಪು ಅವರ ಮೇಜಿನ ಮೇಲಿತ್ತು. ಅದನ್ನು ತಳ್ಳಿಹಾಕಲಿಲ್ಲ, ಲಕ್ಸೆಂಬರ್ಗಿಗೆ ಹೊಸ ಪ್ರಶ್ನೆಯನ್ನೂ ಕಳಿಸಲಿಲ್ಲ. ತನಗೆ ಬೇಕಾದಂತೆ ಓದಿಕೊಂಡು ಮುಂದೆ ಹೋಯಿತು.

ಎರಡು ಓದುಗಳಲ್ಲಿ ಯಾವುದು ಸರಿ? ಪಠ್ಯದ ಮಟ್ಟಿಗೆ ಜರ್ಮನ್ ಓದು ದುರ್ಬಲವೆಂದೇ ನನ್ನ ಅಭಿಪ್ರಾಯ. ನಿಯಮಾವಳಿಯ 6ನೆಯ ವಿಧಿಯಡಿ ಕೇಂದ್ರ ಬ್ಯಾಂಕು ಅಗತ್ಯ ಕಂಡಾಗ ಯಾವುದೇ ಸಣ್ಣ ಬ್ಯಾಂಕಿನ ಮೇಲ್ವಿಚಾರಣೆಯನ್ನು ನೇರವಾಗಿ ತನ್ನ ಕೈಗೆ ತೆಗೆದುಕೊಳ್ಳಬಹುದು. ಇನ್ನೊಬ್ಬರು ಯಾವಾಗ ಬೇಕಾದರೂ ಎತ್ತಿಕೊಂಡು ಹೋಗಬಹುದಾದ ವಸ್ತುವನ್ನು ‘ನನ್ನ ಮೂಲ ಸೊತ್ತು’ ಎನ್ನುವುದಕ್ಕೆ ಧೈರ್ಯ ಬೇಕು. ಆದರೆ ಲಕ್ಸೆಂಬರ್ಗಿನ ಓದಿಗೂ ತೊಡಕುಗಳಿವೆ. ಎಲ್ಲವೂ ವರ್ಗಾವಣೆಯಾಗಿದ್ದರೆ ಉಪವಿಧಿಯಲ್ಲಿ ವಿಶೇಷಣವೇಕೆ? ಗ್ರಾಹಕ ರಕ್ಷಣೆ, ಅಕ್ರಮ ಹಣದ ತಡೆ ಇವು ರಾಷ್ಟ್ರೀಯ ಪ್ರಾಧಿಕಾರಗಳಲ್ಲೇ ಉಳಿಯುತ್ತವೆಂದು ಪೀಠಿಕೆಯಲ್ಲಿ ಬರೆದದ್ದೇಕೆ? ಕೇಂದ್ರ ಬ್ಯಾಂಕು ಒಕ್ಕೂಟದ ಕಾನೂನನ್ನು ಮಾತ್ರವಲ್ಲ, ಆಯಾ ದೇಶದ ಕಾನೂನನ್ನೂ ಅನ್ವಯಿಸಬೇಕೆಂದು 4ನೆಯ ವಿಧಿ ಹೇಳುತ್ತದೆ. ಹೀಗೆ ಒಕ್ಕೂಟದ ಸಂಸ್ಥೆಯೊಂದು ಫ್ರೆಂಚ್ ಬ್ಯಾಂಕಿಗೆ ಫ್ರೆಂಚ್ ಸಂಹಿತೆಯನ್ನು, ಇಟಲಿಯ ಬ್ಯಾಂಕಿಗೆ ಇಟಲಿಯ ಸಂಹಿತೆಯನ್ನು ಓದಿ ಆಜ್ಞೆ ಹೊರಡಿಸುತ್ತದೆ. ಇಂತಹ ಹೆಣಿಗೆಯಲ್ಲಿ ಅನನ್ಯತೆ ಎಂಬ ಪದವೂ ಪೂರ್ತಿ ಕೂರುವುದಿಲ್ಲ.

ಭಾಷೆಯ ಮಾತು ಬಂದುದರಿಂದ ಇನ್ನೊಂದು ವಿವರ. 2014ರ ಮೇಲ್ವಿಚಾರಣಾ ಚೌಕಟ್ಟಿನ ನಿಯಮಾವಳಿಯ 24ನೆಯ ವಿಧಿಯಂತೆ ಬ್ಯಾಂಕು ಕೇಂದ್ರ ಬ್ಯಾಂಕಿಗೆ ಒಕ್ಕೂಟದ ಯಾವುದೇ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಒಂದೇ ಭಾಷೆಯಲ್ಲಿ ವ್ಯವಹರಿಸಲು ಇಬ್ಬರೂ ಒಪ್ಪಂದ ಮಾಡಿಕೊಳ್ಳಬಹುದು. ಬ್ಯಾಂಕು ಆ ಒಪ್ಪಂದವನ್ನು ಹಿಂತೆಗೆದುಕೊಳ್ಳಲೂಬಹುದು. ಇಟಲಿಯ ದಕ್ಷಿಣ ಟೈರೋಲಿನ ಜರ್ಮನ್ ಭಾಷಿಕರಿಗೆ ಇದು ಅನುಕೂಲ. ಅವರು ಇಟಲಿಯಲ್ಲಿ ಅಲ್ಪಸಂಖ್ಯಾತರಾದರೂ ಅವರ ಭಾಷೆ ಒಕ್ಕೂಟದ ಅಧಿಕೃತ ಭಾಷೆ. ಬಾರ್ಸೆಲೋನಾದ ಕೆಟಲಾನ್ ಭಾಷಿಕರಿಗೆ ಈ ಅವಕಾಶವಿಲ್ಲ. ಅವರ ಸಂಖ್ಯೆ ಎಷ್ಟೋ ಪಾಲು ಹೆಚ್ಚಾದರೂ ಕೆಟಲಾನ್ ಆ ಪಟ್ಟಿಯಲ್ಲಿಲ್ಲ. ನೆರೆಯಲ್ಲಿ ಭಾಷೆಗೊಂದು ರಾಜ್ಯವಿದ್ದರೆ ಸಿಗುವ ಮಾನ ಸಂಖ್ಯೆಯಿಂದ ಸಿಗುವುದಿಲ್ಲವೆಂಬುದನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ತೀರ್ಪಿನ ಎರಡನೆಯ ಭಾಗ ಇತ್ಯರ್ಥ ವ್ಯವಸ್ಥೆಯ ಕುರಿತಾದದ್ದು. 2014ರ ಜುಲೈ 15ರ 806/2014 ನಿಯಮಾವಳಿ 114ನೆಯ ವಿಧಿಯ, ಅಂದರೆ ಆಂತರಿಕ ಮಾರುಕಟ್ಟೆಯ ಸಮನ್ವಯದ ಹೆಸರಿನಲ್ಲಿ, ಬ್ರಸೆಲ್ಸಿನಲ್ಲಿ ಹೊಸ ಮಂಡಳಿಯನ್ನು ಸ್ಥಾಪಿಸಿತ್ತು. ಸಮನ್ವಯದ ವಿಧಿಯಿಂದ ಸಂಸ್ಥೆ ಕಟ್ಟುವುದು ಸರಿಯೇ ಎಂಬ ಅನುಮಾನ ಜರ್ಮನ್ ಹಣಕಾಸು ಸಚಿವ ವೋಲ್ಫ್‌ಗಾಂಗ್ ಶಾಯ್ಬ್ಲೆಯವರಿಗೂ ಇತ್ತು. ಪೂರ್ಣ ವ್ಯವಸ್ಥೆಗೆ ಒಡಂಬಡಿಕೆಯ ತಿದ್ದುಪಡಿ ಬೇಕೆಂದು ಅವರು 2013ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ರಾಜಿಯ ಸೂತ್ರವಾಗಿ, ಬ್ಯಾಂಕುಗಳಿಂದ ವಂತಿಗೆ ಸಂಗ್ರಹಿಸಿ ಸಾಮಾನ್ಯ ನಿಧಿಗೆ ವರ್ಗಾಯಿಸುವ ಭಾಗವನ್ನು ನಿಯಮಾವಳಿಯಿಂದ ಹೊರತೆಗೆದು, 2014ರ ಮೇ 21ರಂದು 26 ದೇಶಗಳು ಸಹಿ ಹಾಕಿದ ಪ್ರತ್ಯೇಕ ಅಂತರಸರ್ಕಾರಿ ಒಪ್ಪಂದದಲ್ಲಿ ಇಡಲಾಯಿತು. ಈ ನಾಜೂಕಿನ ಏರ್ಪಾಡೇ 2019ರಲ್ಲಿ ವ್ಯವಸ್ಥೆಯನ್ನು ಉಳಿಸಿತು: ವಂತಿಗೆಯ ವಿಷಯದಲ್ಲಿ ಬುಂಡೆಸ್ಟಾಗ್ ತಾನೇ ಒಪ್ಪಂದಕ್ಕೆ ಸಮ್ಮತಿ ಕೊಟ್ಟು, ತಾನೇ ಕಾನೂನು ಮಾಡಿದ್ದರಿಂದ ಅದರ ಅಧಿಕಾರ ಕಳವಾಗಿಲ್ಲವೆಂದು ನ್ಯಾಯಾಲಯ ಹೇಳಿತು. ಮಿತಿ ತೀರ್ಪಿನಲ್ಲಿ ಕಾಣುವ ಮೊದಲೇ ಕಾನೂನಿನ ಕರಡಿನಲ್ಲಿ ಕೆಲಸ ಮಾಡಿತ್ತು ಎಂಬುದನ್ನು ಇತಿಹಾಸಕಾರರು ಗಮನಿಸಬೇಕು.

ಸ್ವಾಯತ್ತತೆಯ ಬಗ್ಗೆ ನ್ಯಾಯಾಲಯ ಆಡಿದ ಮಾತು ನನಗೆ ಇಡೀ ತೀರ್ಪಿನಲ್ಲಿ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಹಣಕಾಸು ನೀತಿಯಲ್ಲಿ ಕೇಂದ್ರ ಬ್ಯಾಂಕು ಸ್ವತಂತ್ರವಾಗಿರಬೇಕೆಂದು ಜರ್ಮನ್ ಮೂಲ ಕಾನೂನೇ ಒಪ್ಪಿದೆ. ಆದರೆ ಬ್ಯಾಂಕೊಂದರ ಪರವಾನಗಿ ರದ್ದುಮಾಡುವ, ದಂಡ ಹಾಕುವ ಅಧಿಕಾರಕ್ಕೆ ಅದೇ ಸ್ವಾತಂತ್ರ್ಯ ತಾನಾಗಿ ಅಂಟಿಕೊಳ್ಳುವುದಿಲ್ಲ. ಸ್ವತಂತ್ರ ಅಧಿಕಾರಿ ಯಾವ ಸಚಿವನಿಗೂ ಉತ್ತರಿಸಬೇಕಿಲ್ಲದಾಗ ಪ್ರಜಾತಾಂತ್ರಿಕ ಸಮ್ಮತಿಯ ಮಟ್ಟ ಕುಸಿಯುತ್ತದೆ. ಇದನ್ನು ಒಪ್ಪಿಕೊಂಡೇ, ರಾಷ್ಟ್ರೀಯ ಸಂಸತ್ತುಗಳು ಕೇಂದ್ರ ಬ್ಯಾಂಕಿಗೆ ಲಿಖಿತ ಪ್ರಶ್ನೆ ಕೇಳಬಹುದು, ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷರನ್ನು ಚರ್ಚೆಗೆ ಆಹ್ವಾನಿಸಬಹುದು ಎಂಬ 21ನೆಯ ವಿಧಿಯಂತಹ ಏರ್ಪಾಡುಗಳಿಂದ, ಮತ್ತು ನ್ಯಾಯಾಲಯದ ರಕ್ಷಣೆಯಿಂದ, ಕೊರತೆ ಸದ್ಯಕ್ಕೆ ಸಹನೀಯವೆಂದಿತು. ಪ್ರಶ್ನೆ ಕೇಳುವ ಹಕ್ಕು ಉತ್ತರ ಪಡೆಯುವ ಹಕ್ಕಿನಷ್ಟು ಗಟ್ಟಿಯಲ್ಲ, ನಿಜ. ಆದರೆ ಆ ಹಕ್ಕಿದೆಯೆಂಬುದನ್ನೇ ಬಹಳಷ್ಟು ಸಂಸದರಿಗೆ ನೆನಪಿಸಿದ್ದು ಈ ಮೊಕದ್ದಮೆ.

ಉಳಿದ ಅಧಿಕಾರ ಎಂದರೆ ವ್ಯವಹಾರದಲ್ಲಿ ಏನೆಂಬುದು 2017ರ ಜೂನ್ ತಿಂಗಳಲ್ಲಿ ಕಂಡಿತ್ತು. ಜೂನ್ 7ರಂದು ಬ್ರಸೆಲ್ಸಿನ ಮಂಡಳಿ ಸ್ಪೇನಿನ ಬಾಂಕೊ ಪೊಪುಲಾರ್ ಅನ್ನು ರಾತ್ರೋರಾತ್ರಿ ಇತ್ಯರ್ಥಗೊಳಿಸಿ ಒಂದು ಯೂರೋಗೆ ಸಾಂಟಾಂಡೆರ್ ಬ್ಯಾಂಕಿಗೆ ಮಾರಿತು. ಷೇರುದಾರರ ಹಣ ಸೊನ್ನೆಯಾಯಿತು. ಜೂನ್ 23ರಂದು ಇಟಲಿಯ ವೆನೆಟೊ ಪ್ರಾಂತದ ಎರಡು ಬ್ಯಾಂಕುಗಳ ವಿಷಯದಲ್ಲಿ ಅದೇ ಮಂಡಳಿ, ಇತ್ಯರ್ಥಕ್ಕೆ ಸಾರ್ವಜನಿಕ ಹಿತದ ಕಾರಣವಿಲ್ಲವೆಂದು ಕೈ ತೊಳೆದುಕೊಂಡಿತು. ಅವು ಇಟಲಿಯ ಸ್ವಂತ ದಿವಾಳಿ ಕಾನೂನಿನ ದಾರಿ ಹಿಡಿದವು. ರೋಮಿನ ಖಜಾನೆ ನಗದು ಮತ್ತು ಖಾತರಿಗಳೆಂದು 17 ಶತಕೋಟಿ ಯೂರೋಗಳವರೆಗಿನ ಹೊಣೆ ಹೊತ್ತಿತು. ಒಂದು ಕಡೆ ನಷ್ಟ ಷೇರುದಾರನಿಗೆ, ಇನ್ನೊಂದು ಕಡೆ ಅದರ ದೊಡ್ಡ ಪಾಲು ತೆರಿಗೆದಾರನಿಗೆ. ವ್ಯತ್ಯಾಸಕ್ಕೆ ಕಾರಣ ಯಾರ ಕಾನೂನು ಅನ್ವಯಿಸಿತು ಎಂಬುದು. ಅಧಿಕಾರ ಮೂಲತಃ ಯಾರದು ಎಂಬ ತಾತ್ತ್ವಿಕ ಜಗಳದ ಕೊನೆಯಲ್ಲಿ ಇಂತಹ ಬಿಲ್ಲುಗಳಿರುತ್ತವೆ.

ಕಾರ್ಲ್ಸ್‌ರೂಹೆ ತನ್ನ ಅಸ್ತ್ರವನ್ನು ಬೀಸಿದ್ದು ಹತ್ತು ತಿಂಗಳೊಳಗೆ. 2020ರ ಮೇ 5ರಂದು, ಸಾಲಪತ್ರ ಖರೀದಿಯ ಇನ್ನೊಂದು ಯೋಜನೆಯಲ್ಲಿ, ಏಳು-ಒಂದು ಬಹುಮತದಿಂದ, ಲಕ್ಸೆಂಬರ್ಗಿನ ತೀರ್ಪೇ ಅಧಿಕಾರಾತಿಕ್ರಮವೆಂದು ಘೋಷಿಸಿತು. ಬ್ಯಾಂಕಿಂಗ್ ಒಕ್ಕೂಟದ ತೀರ್ಪನ್ನು ಸೌಮ್ಯವೆಂದು ಬದಿಗಿಟ್ಟಿದ್ದವರು ಆಮೇಲೆ ಅದನ್ನು ಹಿಂತಿರುಗಿ ಓದಿದರು. ಐರೋಪ್ಯ ಆಯೋಗ 2021ರ ಜೂನ್ 9ರಂದು ಜರ್ಮನಿಯ ವಿರುದ್ಧ ಉಲ್ಲಂಘನಾ ಕ್ರಮ ಆರಂಭಿಸಿ, ಸರ್ಕಾರದಿಂದ ಭರವಸೆಗಳನ್ನು ಪಡೆದು ಡಿಸೆಂಬರ್ 2ರಂದು ಮುಚ್ಚಿತು. ನಡುವೆ, 2021ರ ಅಕ್ಟೋಬರ್ 7ರಂದು, ಪೋಲೆಂಡಿನ ಸಂವಿಧಾನ ನ್ಯಾಯಮಂಡಳಿ ಒಡಂಬಡಿಕೆಯ ಮೂಲ ವಿಧಿಗಳನ್ನೇ ತನ್ನ ಸಂವಿಧಾನಕ್ಕೆ ವಿರುದ್ಧವೆಂದಿತು. ಆ ನ್ಯಾಯಮಂಡಳಿಯ ಸ್ವಾತಂತ್ರ್ಯವೇ ವಿವಾದಕ್ಕೀಡಾಗಿತ್ತು. ಜರ್ಮನ್ ಮಾದರಿಯ ಟೀಕಾಕಾರರು ಇದನ್ನು ಅದರ ಸಹಜ ಪರಿಣಾಮವೆನ್ನುತ್ತಾರೆ. ನಾನು ಪೂರ್ತಿ ಒಪ್ಪಲಾರೆ: ಪಠ್ಯವನ್ನು ಸಾಲುಸಾಲಾಗಿ ಓದಿ ಷರತ್ತು ಹಾಕುವುದೂ, ಪಠ್ಯವನ್ನೇ ನಿರಾಕರಿಸುವುದೂ ಒಂದೇ ಕ್ರಿಯೆಯಲ್ಲ. ಆದರೆ ಮೊದಲನೆಯದು ಎರಡನೆಯದಕ್ಕೆ ಶಬ್ದಕೋಶ ಒದಗಿಸಿತೆಂಬ ಆರೋಪವನ್ನು ಅಲ್ಲಗಳೆಯುವುದು ಕಷ್ಟ.

ಇತ್ಯರ್ಥ ನಿಧಿಯನ್ನು ಬ್ಯಾಂಕುಗಳ ವಂತಿಗೆಯಿಂದ ತುಂಬಲು ಗೊತ್ತುಮಾಡಿದ್ದ ಎಂಟು ವರ್ಷಗಳ ಅವಧಿ 2023ರ ಕೊನೆಗೆ ಮುಗಿದಾಗ ಅದರಲ್ಲಿ ಸುಮಾರು 78 ಶತಕೋಟಿ ಯೂರೋಗಳು ಸೇರಿದ್ದವು. ಅದು ಸಾಲದೆಬಂದರೆ ಸ್ಥಿರತಾ ನಿಧಿ ಬೆನ್ನಿಗೆ ನಿಲ್ಲಬೇಕೆಂದು 2021ರಲ್ಲಿ ಒಡಂಬಡಿಕೆಯೊಂದಕ್ಕೆ ಸಹಿಯಾಗಿತ್ತು. ಅದು ಜಾರಿಗೆ ಬರಲು ಯೂರೋ ವಲಯದ ಪ್ರತಿಯೊಂದು ದೇಶವೂ ಅನುಮೋದಿಸಬೇಕು. 2023ರ ಡಿಸೆಂಬರ್ 21ರಂದು ಅದನ್ನು ತಿರಸ್ಕರಿಸಿದ್ದು ಯಾವ ನ್ಯಾಯಾಲಯವೂ ಅಲ್ಲ, ಇಟಲಿಯ ಪ್ರತಿನಿಧಿ ಸಭೆ.